ಮಕ್ಕಳ ಕಾಮಿಕ್ಸಿನಲ್ಲಿ ನಾವೂ ಇರೋಣ ಬಿಡಿ

ನಮ್ಮ ಕನ್ನಡ ಕೂಟದ ಯಾವುದೇ ಸಮಾರಂಭಕ್ಕೆ ಹೋಗಿ, ಊಟದ ಸಾಲಿನಲ್ಲಿ ಮಕ್ಕಳ ವಿಷಯ ಬಂದೇ ಬರುತ್ತದೆ. ಒಬ್ಬರ ಮಗಳದು ಭರತನಾಟ್ಯ ರಂಗಪ್ರವೇಶ, ಇನ್ನೊಬ್ಬರ ಮಗ ಸ್ಪೆಲ್ಲಿಂಗ್ ಬೀಯಲ್ಲಿ ಮೂರನೇ ಸುತ್ತು, ಮತ್ತೊಬ್ಬರದು ರೋಬಾಟಿಕ್ಸ್, ಟೆನ್ನಿಸ್, ಪಿಯಾನೋ... ಎಲ್ಲವೂ ಸಂತೋಷದ ಸಂಗತಿಗಳೇ. ಆದರೆ "ನನ್ನ ಮಗ ಕಾಲೇಜಿನ ಪತ್ರಿಕೆಗೆ ಕಾಮಿಕ್ ಸ್ಟ್ರಿಪ್ ಬರೀತಾನೆ ಕಣ್ರೀ" ಎಂದು ಹೆಮ್ಮೆಯಿಂದ ಹೇಳಿದ ತಂದೆ-ತಾಯಿಯನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡಿಲ್ಲ. ಹಾಗೆಂದು ಬರೆಯುವ ಮಕ್ಕಳು ಇಲ್ಲವೆಂದಲ್ಲ. ಇದ್ದಾರೆ. ಕೆದಕಿ ಕೇಳಿದರೆ "ಅಯ್ಯೋ, ಅದೇನೋ ಗೀಚ್ತಾ ಇರ್ತಾನೆ ಬಿಡಿ, ಮೊದಲು ಆರ್ಗ್ಯಾನಿಕ್ ಕೆಮಿಸ್ಟ್ರಿ ಪಾಸಾಗ್ಲಿ" ಎಂಬ ಉತ್ತರ ಬರುತ್ತದೆ.

ಈ ವಿಷಯದಲ್ಲಿ ನನಗೆ ಎರಡೂ ಕಡೆಯ ಅನುಭವವಿದೆ. 1990ರ ದಶಕದಲ್ಲಿ ಅಮೆರಿಕದ ಮಿಡ್‌ವೆಸ್ಟ್‌ನ ಒಂದು ವಿಶ್ವವಿದ್ಯಾಲಯಕ್ಕೆ ಎಂ.ಎಸ್. ಮಾಡಲು ಬಂದವನು, ಅಲ್ಲಿನ ವಿದ್ಯಾರ್ಥಿ ಪತ್ರಿಕೆಗೆ ಎರಡು ವರ್ಷ, ವಾರಕ್ಕೊಂದರಂತೆ ನಾಲ್ಕು ಚೌಕದ ಸ್ಟ್ರಿಪ್ ಬರೆದೆ. ಈಗ ನನ್ನ ಮಗಳು ತನ್ನ ಕಾಲೇಜಿನ ಪತ್ರಿಕೆಗೆ ಬರೆಯುತ್ತಿದ್ದಾಳೆ. ಅದರಲ್ಲಿ ನಾನೇ ಒಂದು ಪಾತ್ರ! ಬರೆದವನೂ ನಾನೇ, ಬರೆಸಿಕೊಂಡವನೂ ನಾನೇ. ಆ ಧೈರ್ಯದಿಂದ ಹೇಳುತ್ತೇನೆ: ಮಕ್ಕಳನ್ನು ಬರೆಯಲು ಬಿಡಿ. ಅದಕ್ಕಿಂತ ಮುಖ್ಯವಾಗಿ, ಅವರು ನಮ್ಮನ್ನು ಬರೆದರೆ ಬರೆಯಲಿ ಬಿಡಿ.

ಮೊದಲು "ಗೀಚುವುದು" ಎನ್ನುವ ಮಾತನ್ನೇ ನೋಡೋಣ. ಅಮೆರಿಕದ ಹೆಸರಾಂತ ಕಾಮಿಕ್ಸ್‌ಗಳಲ್ಲಿ ಎಷ್ಟೋ ಕಣ್ಣುಬಿಟ್ಟದ್ದು ವಿದ್ಯಾರ್ಥಿ ಪತ್ರಿಕೆಗಳ ಪುಟಗಳಲ್ಲಿ. ಗ್ಯಾರಿ ಟ್ರುಡೋ 1968ರಲ್ಲಿ ಯೇಲ್ ಡೈಲಿ ನ್ಯೂಸ್‌ನಲ್ಲಿ 'ಬುಲ್ ಟೇಲ್ಸ್' ಎಂಬ ಸ್ಟ್ರಿಪ್ ಶುರುಮಾಡಿದಾಗ ಅವರಿನ್ನೂ ವಿದ್ಯಾರ್ಥಿ. ಅದರ ನಾಯಕನಿಗೆ ಮಾದರಿ ಅದೇ ಕ್ಯಾಂಪಸ್ಸಿನ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್. ಎರಡೇ ವರ್ಷದಲ್ಲಿ, 1970ರಲ್ಲಿ, ಅದು 'ಡೂನ್ಸ್‌ಬರಿ' ಎಂಬ ಹೆಸರಿನಲ್ಲಿ ದೇಶದ ಪತ್ರಿಕೆಗಳಿಗೆ ಬಂತು; 1975ರಲ್ಲಿ ಪುಲಿಟ್ಜರ್ ಪ್ರಶಸ್ತಿಯೂ ಬಂತು. 'ಬ್ಲೂಮ್ ಕೌಂಟಿ'ಯ ಬರ್ಕ್ಲಿ ಬ್ರೆದೆಡ್ ಕೈ ಪಳಗಿಸಿಕೊಂಡದ್ದು ಟೆಕ್ಸಾಸ್ ವಿಶ್ವವಿದ್ಯಾಲಯದ ಡೈಲಿ ಟೆಕ್ಸನ್‌ನಲ್ಲಿ. ನಮ್ಮ ಮಕ್ಕಳೆಲ್ಲ ಓದಿದ 'ಡೈರಿ ಆಫ್ ಎ ವಿಂಪಿ ಕಿಡ್'ನ ಜೆಫ್ ಕಿನ್ನಿ, 'ಬೂನ್‌ಡಾಕ್ಸ್'ನ ಆರನ್ ಮೆಗ್ರೂಡರ್ ಇಬ್ಬರೂ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಡೈಮಂಡ್‌ಬ್ಯಾಕ್ ಎಂಬ ಒಂದೇ ಪತ್ರಿಕೆಗೆ ಬರೆದವರು.

"ಅವರೆಲ್ಲ ಆರ್ಟ್ ಸ್ಕೂಲಿನವರು" ಎನ್ನಬೇಡಿ. 'ಕ್ಯಾಲ್ವಿನ್ ಅಂಡ್ ಹಾಬ್ಸ್'ನ ಬಿಲ್ ವಾಟರ್‌ಸನ್ ಓಹಾಯೋದ ಕೆನ್ಯನ್ ಕಾಲೇಜಿನಲ್ಲಿ ಓದಿದ್ದು ರಾಜ್ಯಶಾಸ್ತ್ರ, ಜೊತೆಗೆ ಕಾಲೇಜು ಪತ್ರಿಕೆಗೆ ವ್ಯಂಗ್ಯಚಿತ್ರ. ಆ ಹುಡುಗನಿಗೂ ಹುಲಿಗೂ ಇಟ್ಟ ಹೆಸರುಗಳು ಒಬ್ಬ ಧರ್ಮಶಾಸ್ತ್ರಜ್ಞನದು, ಒಬ್ಬ ರಾಜಕೀಯ ತತ್ತ್ವಜ್ಞಾನಿಯದು. ಓದಿದ್ದು ಎಲ್ಲೂ ವ್ಯರ್ಥವಾಗಲಿಲ್ಲ ನೋಡಿ! ಇನ್ನು ನಮ್ಮಂಥ ಇಂಜಿನಿಯರುಗಳ ಆರಾಧ್ಯದೈವ ಹೋರ್ಹೆ ಚಾಮ್. ಸ್ಟ್ಯಾನ್‌ಫರ್ಡ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್‌ನಲ್ಲಿ ಪಿಎಚ್‌.ಡಿ. ಮಾಡುತ್ತಲೇ 1997ರಲ್ಲಿ ಸ್ಟ್ಯಾನ್‌ಫರ್ಡ್ ಡೈಲಿಗೆ 'ಪಿಎಚ್‌ಡಿ ಕಾಮಿಕ್ಸ್' ಶುರುಮಾಡಿದವರು. ಗೈಡ್ ಕೈಗೆ ಸಿಗದಿರುವುದು, ಬಿಟ್ಟಿ ಪಿಜ್ಜಾ ಹುಡುಕಿಕೊಂಡು ಸೆಮಿನಾರಿಗೆ ಹೋಗುವುದು, ಮುಗಿಯದ ಥೀಸಿಸ್... ಆ ಸ್ಟ್ರಿಪ್ಪುಗಳನ್ನು ಲ್ಯಾಬ್ ಬಾಗಿಲಿಗೆ ಅಂಟಿಸದ ಸಂಶೋಧನಾ ವಿದ್ಯಾರ್ಥಿ ನನಗಂತೂ ಸಿಕ್ಕಿಲ್ಲ.

ನಮ್ಮ ಊರಿನ ಕಥೆಯೂ ಬೇರೆಯಲ್ಲ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ಕೊಡಲಿಲ್ಲ. ಅವರು ಮಹಾರಾಜ ಕಾಲೇಜಿಗೆ ಸೇರಿದರು. ಅಲ್ಲಿ ಓದುತ್ತಿರುವಾಗಲೇ ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ, ಸ್ಥಳೀಯ ಪತ್ರಿಕೆಗಳಿಗೆ ಚಿತ್ರ ಬರೆದರು. 1942ರಲ್ಲಿ ಡಾ. ಎಂ. ಶಿವರಾಂ ಅವರು, ಅಂದರೆ ನಮ್ಮ 'ರಾಶಿ', ಬೆಂಗಳೂರಿನಲ್ಲಿ ಶುರುಮಾಡಿದ 'ಕೊರವಂಜಿ'ಗೂ ಬರೆದರು. ಆಗ ಮನೆಯವರು "ಗೀಚಿದ್ದು ಸಾಕು" ಎಂದು ಕುಂಚ ಕಿತ್ತುಕೊಂಡಿದ್ದರೆ ಆ ಚೌಕಳಿ ಕೋಟಿನ ಶ್ರೀಸಾಮಾನ್ಯ ಹುಟ್ಟುತ್ತಿರಲಿಲ್ಲ.

ಆದರೆ ಪ್ರಸಿದ್ಧರ ಹೆಸರು ಹೇಳಿ ನಿಮ್ಮನ್ನು ಒಪ್ಪಿಸುವುದು ನನ್ನ ಉದ್ದೇಶವಲ್ಲ. ಸಾವಿರ ಮಕ್ಕಳು ಬರೆದರೆ ಒಬ್ಬರು ಟ್ರುಡೋ ಆಗಬಹುದು, ಆಗದೆಯೂ ಇರಬಹುದು. ನಾನೂ ಆಗಲಿಲ್ಲ, ಡೇಟಾಬೇಸ್ ನೋಡಿಕೊಂಡು ಹೊಟ್ಟೆ ಹೊರೆಯುತ್ತಿದ್ದೇನೆ. ಉಳಿದವರಿಗೆ ಇದರಿಂದ ಏನು ಸಿಗುತ್ತದೆ ಎಂಬುದೇ ಪ್ರಶ್ನೆ.

ಕೆಲಸ ಹೇಗೆ ನಡೆಯುತ್ತಿತ್ತು ಅಂತ ಹೇಳುತ್ತೇನೆ, ನೀವೇ ನೋಡಿ. ನಮ್ಮ ಪತ್ರಿಕೆ ಗುರುವಾರ ಬರುತ್ತಿತ್ತು. ಮಂಗಳವಾರ ಸಂಜೆ ಐದಕ್ಕೆ ಸ್ಟ್ರಿಪ್ ಸಂಪಾದಕರ ಮೇಜಿನ ಮೇಲಿರಬೇಕು. ಬುಧವಾರ ಪರೀಕ್ಷೆ ಇದೆ ಅಂದರೆ ಕೇಳುವವರಿಲ್ಲ, ಜ್ವರ ಬಂದಿದೆ ಅಂದರೂ ಇಲ್ಲ. ಮೊದಲು ಮಾತು ಬರೆದುಕೊಳ್ಳಬೇಕು. ಒಂದು ಚೌಕದಲ್ಲಿ ಇಪ್ಪತ್ತು ಇಪ್ಪತ್ತೈದು ಪದ ದಾಟಿದರೆ ಚಿತ್ರಕ್ಕೆ ಜಾಗವೇ ಇರುವುದಿಲ್ಲ. ದುಂಡಿರಾಜರ ಹನಿಗವನದ ಹಾಗೆ, ಹೇಳಬೇಕಾದ್ದನ್ನು ಹೇಳಿ ಹೊರಟುಬಿಡಬೇಕು. ಆಮೇಲೆ ಬ್ರಿಸ್ಟಲ್ ಬೋರ್ಡ್ ಎಂಬ ದಪ್ಪ ಕಾಗದದ ಮೇಲೆ, ಅಚ್ಚಾಗುವುದರ ಎರಡರಷ್ಟು ಅಳತೆಯಲ್ಲಿ, ತಿಳಿನೀಲಿ ಪೆನ್ಸಿಲ್ಲಿನಿಂದ ಗೆರೆ. ಆ ನೀಲಿ ಬಣ್ಣ ಮುದ್ರಣದ ಕ್ಯಾಮೆರಾಕ್ಕೆ ಕಾಣುವುದಿಲ್ಲ, ಹಾಗಾಗಿ ಅಳಿಸುವ ಗೋಜಿಲ್ಲ. ಅದರ ಮೇಲೆ ಇಂಡಿಯಾ ಇಂಕ್. (ಹೆಸರಷ್ಟೇ ಇಂಡಿಯಾ, ಮೂಲ ಚೀನಾ!) ಮೊದಲು ಅಕ್ಷರ, ಆಮೇಲೆ ಅದರ ಸುತ್ತ ಬಲೂನು, ಕೊನೆಗೆ ಮುಖಗಳು. ಮೊದಲ ಚೌಕದಲ್ಲಿ ಇದ್ದ ಮೂಗು ನಾಲ್ಕನೆಯದರಲ್ಲೂ ಅದೇ ಮೂಗಾಗಿರಬೇಕು. ಇದು ಕೇಳುವಷ್ಟು ಸುಲಭವಲ್ಲ. ಇಷ್ಟಕ್ಕೆ ಸಿಗುತ್ತಿದ್ದದ್ದು ಐದು ಡಾಲರ್. ಮಗಳು ಈಗ ಟ್ಯಾಬ್ಲೆಟ್ಟಿನ ಮೇಲೆ ಬರೆಯುತ್ತಾಳೆ, ಮಸಿಯ ಕಲೆ ಇಲ್ಲ. ಮಂಗಳವಾರದ ಗಡುವು ಮಾತ್ರ ಹಾಗೇ ಇದೆ.

ನನ್ನ ನಾಯಕ ಗುಂಡ ಎಂಬ ಎಂ.ಎಸ್. ವಿದ್ಯಾರ್ಥಿ. ಒಂದು ಸ್ಟ್ರಿಪ್ ಹೀಗಿತ್ತು: ಮೊದಲ ಚೌಕದಲ್ಲಿ ಗುಂಡ ಸಾರಿಗೆ ಒಗ್ಗರಣೆ ಹಾಕುತ್ತಾನೆ. ಎರಡನೆಯದರಲ್ಲಿ ಹೊಗೆಯ ಅಲಾರಂ ಕಿರುಚುತ್ತದೆ. ಮೂರನೆಯದರಲ್ಲಿ ಹೆಲ್ಮೆಟ್, ಕೊಡಲಿ ಸಮೇತ ಅಗ್ನಿಶಾಮಕ ದಳ ಒಳಗೆ. ನಾಲ್ಕನೆಯದರಲ್ಲಿ ಆ ಧಾಂಡಿಗ ಸೌಟು ಹಿಡಿದು ರುಚಿ ನೋಡಿ, "ಇಂಗು ಸ್ವಲ್ಪ ಜಾಸ್ತಿಯಾಯ್ತು" ಅನ್ನುತ್ತಾನೆ. ಮರುದಿನ ಗಣಿತ ವಿಭಾಗದ ಕಾರಿಡಾರಿನಲ್ಲಿ ಅದನ್ನು ಯಾರೋ ಕತ್ತರಿಸಿ ಅಂಟಿಸಿದ್ದರು. ಕಿಮ್ಚಿ ಡಬ್ಬಿ ತೆರೆದಾಗಲೆಲ್ಲ ರೂಮ್‌ಮೇಟ್ ಕಿಟಕಿ ತೆರೆಯುತ್ತಾನೆ, ಇದು ನನ್ನದೇ ಕಥೆ ಎಂದು ಕೊರಿಯಾದ ಒಬ್ಬ ವಿದ್ಯಾರ್ಥಿ ಪತ್ರಿಕೆಗೆ ಪತ್ರ ಬರೆದ. ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸಲು ಬಾರದಿದ್ದ ಊರಿನಲ್ಲಿ ಗುಂಡನ ಹೆಸರು ಎಲ್ಲರ ಬಾಯಲ್ಲೂ ಸಲೀಸಾಯಿತು.

ಆದರೆ ಅದೇ ವಾರ ನಮ್ಮವರೇ ಕೆಲವರು, ಕ್ಯಾಂಪಸ್ಸಿನ ಹಿರಿಯ ವಿದ್ಯಾರ್ಥಿಗಳು, ಮನೆಗೆ ಬಂದರು. "ಮೊದಲೇ ಇವರು ನಮ್ಮ ಅಡುಗೆ ವಾಸನೆ ಅಂತ ಮೂಗು ಮುಚ್ಕೋತಾರೆ. ನೀನು ಅದನ್ನೇ ಪೇಪರಿನಲ್ಲಿ ಹಾಕ್ತೀಯಲ್ಲೋ. ನಿಲ್ಲಿಸಿಬಿಡಪ್ಪ" ಅಂದರು. ನಾನು ನಿಲ್ಲಿಸಲಿಲ್ಲ. ಅವರ ಮಾತನ್ನು ತಳ್ಳಿಹಾಕಲೂ ಇಲ್ಲ, ಏಕೆಂದರೆ ಅದರ ಹಿಂದೆ ನೋವಿತ್ತು. ಇವತ್ತಿಗೂ ನಮ್ಮ ಅನೇಕ ಮನೆಗಳಲ್ಲಿ ಮಕ್ಕಳಿಗೆ ಹೇಳುವುದು ಇದೇ ಮಾತನ್ನು: ಮನೆ ವಿಷಯ ಬೀದಿಗೆ ತರಬೇಡ.

ನನ್ನ ಉತ್ತರ ಇಷ್ಟೇ. ನಾವು ನಮ್ಮ ಚಿತ್ರ ಬರೆಯದಿದ್ದರೆ ಬೇರೆಯವರು ಬರೆಯುತ್ತಾರೆ. ನಾನು ಬಂದ ಕಾಲದಲ್ಲಿ ಅಮೆರಿಕದ ಅರ್ಧಕ್ಕರ್ಧ ಜನರಿಗೆ ಭಾರತೀಯನೆಂದರೆ 'ಸಿಂಪ್ಸನ್ಸ್'ನ ಅಪು. 1990ರಿಂದ ಅಂಗಡಿ ಗಲ್ಲೆಯ ಹಿಂದೆ ನಿಂತಿದ್ದ ಆ ಪಾತ್ರಕ್ಕೆ ಧ್ವನಿ ಕೊಟ್ಟವರು ಹ್ಯಾಂಕ್ ಅಜಾರಿಯಾ ಎಂಬ ಬಿಳಿಯ ನಟ. ಭಾರತೀಯ ಮೂಲದ ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಅದರ ಮೇಲೊಂದು ಸಾಕ್ಷ್ಯಚಿತ್ರ ಮಾಡಿದರು; 2020ರಲ್ಲಿ ಅಜಾರಿಯಾ ಆ ಪಾತ್ರ ಬಿಟ್ಟರು. ಮೂವತ್ತು ವರ್ಷ ಹಿಡಿಯಿತು! ಅಪುವಿನ ತೊಂದರೆ ನಗಿಸಿದ್ದಲ್ಲ. ಅವನ ಉಚ್ಚಾರವೇ ನಗೆಯ ಮುಖ್ಯ ಸರಕಾಗಿದ್ದದ್ದು, ಮತ್ತು ಆ ಸರಕು ನಮ್ಮ ಕೈಯಲ್ಲಿ ಇಲ್ಲದಿದ್ದದ್ದು. ಒಗ್ಗರಣೆ ಹಾಕಿ ಗೊತ್ತಿರುವವನು ಬರೆದ ನಗೆಗೂ, ವಾಸನೆ ಮಾತ್ರ ಗೊತ್ತಿರುವವನು ಬರೆದ ನಗೆಗೂ ವ್ಯತ್ಯಾಸವಿದೆ. ನಮ್ಮ ಮಕ್ಕಳ ಕೈಯಲ್ಲಿ ಪೆನ್ನು ಇದ್ದರೆ ಮೊದಲನೆಯದು ಬರುತ್ತದೆ.

ಅಲ್ಲದೆ, ನಮ್ಮನ್ನು ನೋಡಿ ನಾವೇ ನಗುವುದು ಅಮೆರಿಕಕ್ಕೆ ಬಂದು ಕಲಿತದ್ದೇನೂ ಅಲ್ಲ. ಯಕ್ಷಗಾನದ ಹಾಸ್ಯಗಾರ ರಾಜನ ಎದುರಿಗೇ ರಾಜನ ಹುಳುಕು ಆಡಿ ತೋರಿಸುತ್ತಾನೆ. ಕೈಲಾಸಂ ನಾಟಕಗಳಲ್ಲಿ ಇಂಗ್ಲಿಷ್ ಬೆರೆಸಿ ಮಾತಾಡುವ ಮೈಸೂರಿನ ಓದಿದ ಮನೆಗಳ ಒಳಜಗುಲಿಯೇ ರಂಗದ ಮೇಲೆ ಬಂತು. ಬೀchiಯವರ ತಿಂಮ ಯಾರನ್ನು ಬಿಟ್ಟ? 'ಕೊರವಂಜಿ'ಯಲ್ಲಿ ರಾಶಿ, ನಾ. ಕಸ್ತೂರಿ ಬೆಂಗಳೂರಿನ ಮಧ್ಯಮವರ್ಗವನ್ನು ಗೇಲಿ ಮಾಡಿದರೆ ಅದನ್ನು ದುಡ್ಡು ಕೊಟ್ಟು ಕೊಂಡು ಓದಿದ್ದು ಅದೇ ಮಧ್ಯಮವರ್ಗ. ಆ ನಗೆಯನ್ನು ಮೆಚ್ಚಿ ಬೆಳೆದ ನಾವು, ನಮ್ಮ ಮಗಳು ನಮ್ಮನ್ನು ಬರೆದಾಗ ಮುಖ ಗಂಟಿಕ್ಕುವುದು ಯಾವ ನ್ಯಾಯ?

ನನ್ನ ಮಗಳ ಸ್ಟ್ರಿಪ್ಪಿನ ಅಪ್ಪ ಊರಿಗೆ ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸ್ ತಬ್ಬಿಕೊಂಡು ಬಾತ್‌ರೂಮಿನ ತೂಕದ ಯಂತ್ರದ ಮೇಲೆ ನಿಲ್ಲುತ್ತಾನೆ. ಐವತ್ತು ಪೌಂಡಿಗೆ ಒಂದು ಪೌಂಡ್ ಹೆಚ್ಚಾದರೆ ಮಗಳ ಪುಸ್ತಕ ತೆಗೆದು ಚಿಕ್ಕಪ್ಪನಿಗೆ ಒಯ್ಯುವ ಬಾದಾಮಿ ಉಳಿಸುತ್ತಾನೆ. ನಿಮ್ಮ ಮನೆಯಲ್ಲಿ ಹೀಗಾಗುವುದಿಲ್ಲ ಎಂದು ಪ್ರಮಾಣ ಮಾಡಿ ಹೇಳಿ ನೋಡೋಣ! ಅವಳ ಇನ್ನೊಂದು ಸ್ಟ್ರಿಪ್ ಮಾತ್ರ ನಗಿಸಲಿಲ್ಲ. ಮೊದಲ ಚೌಕದಲ್ಲಿ ಅಪ್ಪ ಫೋನಿನಲ್ಲಿ "ಊಟ ಆಯ್ತಾ?" ಅನ್ನುತ್ತಾನೆ. ಎರಡರಲ್ಲಿ "ಮಿಡ್‌ಟರ್ಮ್ ಹೇಗಾಯ್ತು?" ಮೂರರಲ್ಲಿ "ಸರಿ, ಮಲಕ್ಕೋ." ನಾಲ್ಕನೆಯದರಲ್ಲಿ ಮಾತಿಲ್ಲ. ಹುಡುಗಿ ಕತ್ತಲಾದ ಫೋನ್ ಹಿಡಿದು ಕೂತಿದ್ದಾಳೆ, ಪಕ್ಕದ ಮಂಚ ಖಾಲಿ. ರೂಮ್‌ಮೇಟ್ ಕೋಣೆ ಬಿಟ್ಟು ಹೋಗಿದ್ದು, ಇವಳು ಒಂದು ತಿಂಗಳಿಂದ ಒಬ್ಬಳೇ ಊಟ ಮಾಡುತ್ತಿದ್ದದ್ದು ನಮಗೆ ತಿಳಿದದ್ದು ಆ ನಾಲ್ಕು ಚೌಕಗಳಿಂದ. ಫೋನಿನಲ್ಲಿ ಹೇಳಲಾಗದ್ದನ್ನು ಅವಳು ಹತ್ತು ಸಾವಿರ ಜನ ಓದುವ ಪತ್ರಿಕೆಯಲ್ಲಿ ಹೇಳಿದ್ದಳು. ನನ್ನವಳು ಅದನ್ನು ಓದಿ ಆ ಶುಕ್ರವಾರವೇ ಕಾರು ಹತ್ತಿದಳು. ಆ ಸ್ಟ್ರಿಪ್ಪನ್ನು 'ಮನೆ ಮಾನ' ಎಂದು ತಡೆದಿದ್ದರೆ ಏನಾಗುತ್ತಿತ್ತೋ ನಾನು ಯೋಚಿಸಲು ಹೋಗುವುದಿಲ್ಲ.

ಇನ್ನೊಂದು ಆತಂಕ ಇದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬರೆದದ್ದರಿಂದ ತೊಂದರೆ ಬಂದರೆ? ಅಮೆರಿಕದ ಸುಪ್ರೀಂ ಕೋರ್ಟು 1988ರಲ್ಲಿ ಆರು ವಾರಗಳ ಅಂತರದಲ್ಲಿ ಎರಡು ತೀರ್ಪು ಕೊಟ್ಟಿತು. ಜನವರಿಯಲ್ಲಿ ಬಂದ ಹೇಜಲ್‌ವುಡ್ ತೀರ್ಪು, ಹೈಸ್ಕೂಲು ನಡೆಸುವ ಪತ್ರಿಕೆಯಿಂದ ಬರಹ ತೆಗೆಯಲು ಪ್ರಿನ್ಸಿಪಾಲರಿಗೆ ಸಾಕಷ್ಟು ಅಧಿಕಾರ ಕೊಟ್ಟಿತು. ಫೆಬ್ರವರಿಯಲ್ಲಿ ಬಂದ ಹಸ್ಲರ್ ತೀರ್ಪು, ಸಾರ್ವಜನಿಕ ವ್ಯಕ್ತಿಗಳನ್ನು ಗೇಲಿ ಮಾಡುವ ಹಕ್ಕನ್ನು ವ್ಯಂಗ್ಯಚಿತ್ರಗಳ ಇತಿಹಾಸ ಹೇಳಿಯೇ ಎತ್ತಿಹಿಡಿಯಿತು. ಹೈಸ್ಕೂಲಿನ ವಿಷಯದಲ್ಲಿ ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವಿದೆ. ಕ್ಯಾಲಿಫೋರ್ನಿಯಾದಲ್ಲಿ 1977ರಿಂದಲೇ ವಿದ್ಯಾರ್ಥಿ ಪತ್ರಿಕೆಗಳಿಗೆ ಕಾನೂನಿನ ರಕ್ಷಣೆ ಇದೆ. ನಿಮ್ಮ ರಾಜ್ಯದಲ್ಲಿ ಏನಿದೆ ಎಂದು ಮಕ್ಕಳ ಜೊತೆ ಕೂತು ಓದಿ. ಸಿವಿಕ್ಸ್ ಪಾಠಕ್ಕಿಂತ ಚೆನ್ನಾಗಿ ತಲೆಗೆ ಹತ್ತುತ್ತದೆ.

ವೀಸಾದ ಮೇಲೆ ಇರುವ ವಿದ್ಯಾರ್ಥಿಗಳ ಮಾತು ಬೇರೆ. ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿ, ಟರ್ಕಿಯ ರುಮೇಸಾ ಓಜ್ತುರ್ಕ್ 2024ರಲ್ಲಿ ಅಲ್ಲಿನ ವಿದ್ಯಾರ್ಥಿ ಪತ್ರಿಕೆಗೆ ಇತರರೊಡನೆ ಸೇರಿ ಒಂದು ಅಭಿಪ್ರಾಯ ಲೇಖನ ಬರೆದಿದ್ದರು. 2025ರ ಮಾರ್ಚಿನಲ್ಲಿ ಅವರ ವೀಸಾ ರದ್ದಾಗಿ, ಬಂಧನವೂ ಆಯಿತು. ನ್ಯಾಯಾಲಯದ ಆದೇಶದ ಮೇಲೆ ಬಿಡುಗಡೆಯಾಗುವಷ್ಟರಲ್ಲಿ ಆರು ವಾರಗಳಿಗೂ ಹೆಚ್ಚು ಕಳೆದಿತ್ತು. ಹೀಗಿರುವಾಗ ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ "ಹೆದರಬೇಡ, ಏನು ಬೇಕಾದರೂ ಬರಿ" ಎಂದು ನಾನು ಇಲ್ಲಿ ಕೂತು ಹೇಳಲಾರೆ. ಅಪಾಯ ಅವನದು, ನಿರ್ಧಾರವೂ ಅವನದೇ ಆಗಿರಬೇಕು. ಗುಂಡನಂಥವನ ಒಗ್ಗರಣೆ, ಲಾಂಡ್ರಿ, ರೂಮ್‌ಮೇಟ್ ಜಗಳ ಇವೂ ಸಣ್ಣ ವಿಷಯಗಳಲ್ಲ ಎಂದಷ್ಟೇ ಹೇಳುತ್ತೇನೆ. ಆದರೆ ಇಲ್ಲೇ ಹುಟ್ಟಿ ಪೌರತ್ವ ಇರುವ ನಮ್ಮ ಮಕ್ಕಳಿಗೆ ಮಾತಾಡುವ ಹಕ್ಕು ಹುಟ್ಟಿನಿಂದ ಬಂದಿದೆ. ನಾವು ವೀಸಾ ಕಾಲದಲ್ಲಿ ಕಲಿತ ಭಯವನ್ನು ಅವರಿಗೆ ಆಸ್ತಿಯಂತೆ ಬರೆದುಕೊಡುವುದು ಬೇಡ.

ಹಾಗಾದರೆ ಯಾರನ್ನು ಬೇಕಾದರೂ ಗೇಲಿ ಮಾಡಬಹುದೇ? ಇಲ್ಲ. ಮಗಳಿಗೆ ನಾನು ಹೇಳಿದ್ದು ಒಂದೇ ಮಾತು: ಜನರ ನಡವಳಿಕೆಯನ್ನು ಗೇಲಿ ಮಾಡು, ಹುಟ್ಟನ್ನಲ್ಲ. ಸೂಟ್‌ಕೇಸ್ ತಬ್ಬಿಕೊಂಡ ಅಪ್ಪನನ್ನು ನೋಡಿ ನಗಬಹುದು. ಅವನು 'ವಿ' ಮತ್ತು 'ಡಬ್ಲ್ಯೂ' ಒಂದೇ ಥರ ಹೇಳುತ್ತಾನೆಂದು ನಕ್ಕರೆ ಅದು ಅಪು ಆಗುತ್ತದೆ. ಅವಳು ಇದನ್ನು ಪೂರ್ತಿ ಒಪ್ಪಿಲ್ಲ, "ಉಚ್ಚಾರದಲ್ಲೂ ಪ್ರೀತಿ ಇರಬಹುದಲ್ಲಪ್ಪ" ಅನ್ನುತ್ತಾಳೆ. ವಾದ ನಡೆದಿದೆ. ಈ ವಾದ ನಮ್ಮ ಊಟದ ಮೇಜಿನ ಮೇಲೆ ನಡೆಯುತ್ತಿರುವುದೇ ನನಗೆ ಸಂತೋಷ.

ಕಡೆಯದಾಗಿ ನಾಲ್ಕು ಸಲಹೆ. ಒಂದು, ಮಕ್ಕಳ ಸ್ಟ್ರಿಪ್ ಅಚ್ಚಾಗುವ ಮೊದಲು ನೋಡಲು ಕೇಳಬೇಡಿ. ಅಚ್ಚಾದ ಮೇಲೆ ಪ್ರತಿ ವಾರ ಓದಿ. ಎರಡು, ಕಾಲೇಜು ಅರ್ಜಿಗೆ ತೂಕ ಬರಲಿ ಎಂದು ಬರೆಸಬೇಡಿ, ಆ ನಗೆ ಎರಡನೇ ವಾರಕ್ಕೇ ಹಳಸುತ್ತದೆ. ಮೂರು, ಪತ್ರಿಕೆಗಳೇ ಕಡಿಮೆಯಾಗುತ್ತಿವೆ. ಅಷ್ಟು ಜನರನ್ನು ಬೆಳೆಸಿದ ಡೈಮಂಡ್‌ಬ್ಯಾಕ್ ಕೂಡ 2020ರಲ್ಲಿ ಮುದ್ರಣ ನಿಲ್ಲಿಸಿತು. ಮಕ್ಕಳ ಶಾಲಾ ಪತ್ರಿಕೆಯನ್ನು ನಿಲ್ಲಿಸುವ ಮಾತು ಬಂದರೆ ಫುಟ್‌ಬಾಲ್ ಮೈದಾನಕ್ಕಾಗಿ ಹೋಗುವ ಹಾಗೆ ಅದಕ್ಕಾಗಿಯೂ ಸ್ಕೂಲ್ ಬೋರ್ಡ್ ಸಭೆಗೆ ಹೋಗಿ ಮಾತಾಡಿ. ನಾಲ್ಕು, ನಮ್ಮ ಕೂಟದ ಸ್ಮರಣ ಸಂಚಿಕೆಯಲ್ಲಿ ಜಾಹೀರಾತುಗಳ ನಡುವೆ ಒಂದು ಪುಟವನ್ನು ಮಕ್ಕಳ ಕಾಮಿಕ್ ಸ್ಟ್ರಿಪ್ಪಿಗೆ ಬಿಡೋಣ. ಕನ್ನಡದಲ್ಲಿ ಬರೆದರೆ ಬಲು ಸಂತೋಷ. ಬಲೂನಿನ ಒಳಗೆ ಇಪ್ಪತ್ತು ಪದ ಬರೆಯುವುದಕ್ಕೆ ಇಡೀ ವರ್ಣಮಾಲೆ ಕಲಿತು ಮುಗಿಸಬೇಕಿಲ್ಲ, ಅಜ್ಜಿಯನ್ನು ಕೇಳಿಯೂ ಬರೆಯಬಹುದು. ಅದರಲ್ಲಿ ನಮ್ಮ ಸಮಿತಿಯ ಜಗಳ, ಎರಡು ಗಂಟೆ ತಡವಾಗಿ ಶುರುವಾಗುವ ಕಾರ್ಯಕ್ರಮ, ಮುಗಿಯದ ಭಾಷಣ ಎಲ್ಲ ಬಂದರೂ ಬರಲಿ. ಮೊದಲ ಸಂಚಿಕೆಯಲ್ಲಿ ಯಾರಾದರೂ ನನ್ನನ್ನೇ ಬರೆದರೆ ನನ್ನ ಅಭ್ಯಂತರವಿಲ್ಲ. ಮೂಗು ಮಾತ್ರ ಎಲ್ಲ ಚೌಕದಲ್ಲೂ ಒಂದೇ ಥರ ಇರಲಿ.

ಏನಂತೀರಿ?